ಟಿಕೇಟಿನ ಲಾಭ ಯಾರ ಪಾಲು?



ಕೆಲವು ಪ್ರಶ್ನೆಗಳು ನೋಡಲು ಬಹಳ ಚಿಕ್ಕವು. ಪ್ರಶ್ನೆ ಚಿಕ್ಕದೆಂದು ಉತ್ತರಿಸಲು ನಾವು ಅವಸರಪಡುತ್ತೇವೆ. ನನ್ನಿಂದ ಅಂತಹದೊಂದು ತಪ್ಪು ನಡೆದಿದೆ. ಅದನ್ನು ತಿದ್ದಿಕೊಳ್ಳುವ ಸಲುವಾಗಿಯೇ ಈ ಲೇಖನ.

ಪದವಿ ತರಗತಿಯಲ್ಲಿ ನನ್ನೊಂದಿಗೆ ಕನ್ನಡ ಓದಿದ ಕರಾವಳಿಯ ಗೆಳೆಯನೊಬ್ಬ ಈಗ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಉಗ್ರಾಣವೊಂದರಲ್ಲಿ ದುಡಿಯುತ್ತಿದ್ದಾನೆ. ಅಲ್ಲಿ ಹಾಕಿ ಎಂದರೆ ಕೊಡಗಿನ ಮೈದಾನಗಳಲ್ಲಿ ನಾವು ನೋಡುವ ಹಾಕಿಯಲ್ಲ. ಕಾಲಿಗೆ ಜಾರುಬೂಟು ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಆಡುವ ಆಟವದು. ನಮ್ಮಲ್ಲಿ ಕ್ರಿಕೆಟ್ ಇದ್ದಂತೆ ಅಲ್ಲಿಯವರಿಗೆ ಅದು. ಅಮೆರಿಕ ಮತ್ತು ಕೆನಡಾದ ತಂಡಗಳು ಆಡುವ ನ್ಯಾಷನಲ್ ಹಾಕಿ ಲೀಗ್‌ನಲ್ಲಿ 2025-26ರ ಋತುವಿನಲ್ಲಿ ಪ್ರತಿ ತಂಡಕ್ಕೆ 82 ಪಂದ್ಯಗಳಿದ್ದವು. ಅವುಗಳಲ್ಲಿ 41 ತವರಿನ ಅಂಗಣದಲ್ಲಿ. ಆ ಎಲ್ಲ ಪಂದ್ಯಗಳಿಗೂ ಒಂದೇ ಆಸನವನ್ನು ಮುಂಗಡವಾಗಿ ಕೊಂಡರೆ ಅದು ಸೀಸನ್ ಟಿಕೇಟು. ಟೊರಾಂಟೊ ನಗರದ ಅಂಗಣದಲ್ಲಿ ಹಾಕಿಗೆ ಸುಮಾರು 18,800 ಆಸನಗಳಿವೆ. ಅಲ್ಲಿಯ ತಂಡಕ್ಕೆ 1967ರ ಬಳಿಕ ಅರ್ಧ ಶತಮಾನ ದಾಟಿಯೂ ಸ್ಟಾನ್ಲಿ ಕಪ್ ದಕ್ಕಲಿಲ್ಲ. ಆದರೂ ಸೀಸನ್ ಟಿಕೇಟಿಗಾಗಿ ಜನ ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಾರೆ.

ನನ್ನ ಗೆಳೆಯನೂ ಮೂವರು ಸಹೋದ್ಯೋಗಿಗಳೂ ಸೇರಿ ಒಂದು ತಂಡದ ಎರಡು ಸೀಸನ್ ಆಸನಗಳನ್ನು ಕೊಂಡರು. ಒಬ್ಬೊಬ್ಬರಿಗೆ ಹತ್ತು ಪಂದ್ಯ. 2025ರ ರಮಝಾನ್ ಹಾಕಿ ಋತುವಿನ ನಡುವೆಯೇ ಬಂತು. ಇಫ್ತಾರ್ ಮತ್ತು ತರಾವೀಹ್ ಬಿಟ್ಟು ಆಟಕ್ಕೆ ಹೋಗುವಂತಿಲ್ಲವೆಂದು ಅವನು ಆ ತಿಂಗಳ ಎರಡು ಪಂದ್ಯಗಳ ಟಿಕೇಟುಗಳನ್ನು ಮಾರಿದ. ನೂರೈವತ್ತು ಡಾಲರಿನ ಟಿಕೇಟು ನಾನೂರಕ್ಕೆ ಹೋಯಿತು. ಮುಂದಿನ ಋತುವಿನಲ್ಲಿ ಪಂದ್ಯಗಳನ್ನು ಹಂಚಿಕೊಳ್ಳುವಾಗ ಅವನು ಹೆಚ್ಚು ಬೇಡಿಕೆಯ ಪಂದ್ಯಗಳನ್ನೇ ಆರಿಸಿಕೊಂಡ. ಹತ್ತರಲ್ಲಿ ತಾನು ನೋಡಿದ್ದು ಎರಡು, ಮಾರಿದ್ದು ಎಂಟು.

ಆಗ ಎರಡು ಘಟನೆಗಳು ನಡೆದವು. ಹೆಚ್ಚಿನ ಪಂದ್ಯಗಳನ್ನು ಮರುಮಾರಾಟ ಮಾಡುವವರಿಗೆ ಮುಂದಿನ ವರ್ಷ ಆಸನ ನವೀಕರಿಸುವುದಿಲ್ಲವೆಂದು ತಂಡದವರು ಎಲ್ಲ ಸೀಸನ್ ಗ್ರಾಹಕರಿಗೂ ಎಚ್ಚರಿಕೆ ಕಳುಹಿಸಿದರು. ಅದೇ ವಾರ ಒಬ್ಬ ಟ್ಯಾಕ್ಸಿ ಚಾಲಕ ಅವನಿಂದ ಎರಡು ಟಿಕೇಟು ಕೊಂಡ. ಮೊಬೈಲಿನಲ್ಲಿ ಟಿಕೇಟು ಪಡೆಯುವ ಕ್ರಮ ಆತನಿಗೆ ತಿಳಿಯದ್ದರಿಂದ ಗೆಳೆಯ ಅಂಗಣದ ಬಾಗಿಲಿಗೇ ಹೋದ. ಆ ಮನುಷ್ಯ ಒಂದು ಕೈಯಲ್ಲಿ ಮಗನನ್ನು ಹಿಡಿದುಕೊಂಡು ಎರಡು ಜೇಬುಗಳಿಂದ ನೋಟುಗಳನ್ನು ಎಣಿಸಿ ಕೊಟ್ಟ. ಮಗನಿಗೆ ಆಟ ತೋರಿಸುತ್ತೇನೆಂದು ಎರಡು ವರ್ಷದಿಂದ ಹೇಳುತ್ತಾ ಬಂದಿದ್ದೆ, ಇಂದು ಸಾಧ್ಯವಾಯಿತೆಂದು ಮನಸಾರೆ ವಂದನೆ ಹೇಳಿದ.

ಗೆಳೆಯ ನನಗೆ ಬರೆದ: ನಾನು ಸುಳ್ಳು ಹೇಳಿಲ್ಲ, ಕದ್ದಿಲ್ಲ, ಒತ್ತಾಯಿಸಿಲ್ಲ. ಈ ಲಾಭ ಹಲಾಲೇ?

ನಾನು ಆ ರಾತ್ರಿಯೇ ಉತ್ತರಿಸಿದೆ. ನೀನು ಶಾಫಿಈ, ನಿಮ್ಮಲ್ಲಿ ಇದಕ್ಕೆ ಅನುಮತಿಯಿದೆ, ಸಂಶಯ ಬೇಡ ಎಂದೆ. ಅವನ ಮರುಮಾತು ಇಷ್ಟೇ: ಹಾಗಿದ್ದರೆ ಆ ಮನುಷ್ಯ ವಂದನೆ ಹೇಳಿದಾಗ ನನಗೆ ನಾಚಿಕೆ ಏಕಾಯಿತು?

ನನ್ನ ಉತ್ತರ ಸುಳ್ಳಾಗಿರಲಿಲ್ಲ. ಆದರೆ ಅದು ಅರ್ಧ ಉತ್ತರವಾಗಿತ್ತು. ಉಳಿದರ್ಧವನ್ನು ನಾವು ಒಟ್ಟಿಗೆ ಯೋಚಿಸೋಣ.

ಟಿಕೇಟು ಎಂದರೇನು? ಅದು ಅಕ್ಕಿಯಂತೆ, ಬಟ್ಟೆಯಂತೆ ಒಂದು ಸರಕಲ್ಲ. ಒಂದು ಸಂಜೆಯ ಮಟ್ಟಿಗೆ ಒಂದು ಆಸನದ ಬಾಡಿಗೆ. ಕರ್ಮಶಾಸ್ತ್ರದಲ್ಲಿ ಇದು ಇಜಾರಃದ ಅಧ್ಯಾಯಕ್ಕೆ ಸೇರುತ್ತದೆ. ಬಾಡಿಗೆಗೆ ಪಡೆದವನು ಅದನ್ನು ಇನ್ನೊಬ್ಬನಿಗೆ ಹೆಚ್ಚಿನ ಬಾಡಿಗೆಗೆ ಕೊಡಬಹುದೇ ಎಂಬ ಚರ್ಚೆ ಬಹಳ ಹಳೆಯದು. ಶಾಫಿಈ ವಿದ್ವಾಂಸರು ಕೊಡಬಹುದು ಎಂದಿದ್ದಾರೆ. ಹನಫೀ ವಿದ್ವಾಂಸರು ಕೊಡಬಹುದು, ಆದರೆ ಹೆಚ್ಚಿಗೆ ಬಂದ ಹಣವನ್ನು ದಾನ ಮಾಡಬೇಕು ಎನ್ನುತ್ತಾರೆ. ಬಾಡಿಗೆದಾರನು ಆ ಸ್ಥಳದಲ್ಲಿ ಏನಾದರೂ ದುರಸ್ತಿ ಅಥವಾ ಸುಧಾರಣೆ ಮಾಡಿದ್ದರೆ, ಇಲ್ಲವೇ ಬಾಡಿಗೆಯನ್ನು ಬೇರೆ ಬಗೆಯ ವಸ್ತುವಿನಲ್ಲಿ ಪಡೆದರೆ ಮಾತ್ರ ಲಾಭ ಅವನದಾಗುತ್ತದೆ. ಕರಾವಳಿಯ ನಮ್ಮ ಮನೆಗಳಲ್ಲಿ ಹೆಚ್ಚಿನವರು ಶಾಫಿಈಗಳು, ಘಟ್ಟದ ಮೇಲೆ ಹೆಚ್ಚಿನವರು ಹನಫೀಗಳು. ಎರಡೂ ಕಡೆಯವರು ಇದನ್ನು ಗಮನಿಸಬೇಕು. ಏಕೆಂದರೆ ಹನಫೀ ವಿದ್ವಾಂಸರ ಆ ಷರತ್ತಿನಲ್ಲಿ ಒಂದು ಪ್ರಶ್ನೆ ಅಡಗಿದೆ: ಈ ಹೆಚ್ಚುವರಿ ಹಣಕ್ಕೆ ಪ್ರತಿಯಾಗಿ ನೀನು ಕೊಟ್ಟದ್ದೇನು? ಗೋಡೆಗೆ ಸುಣ್ಣ ಬಳಿದೆಯಾ? ಬಾಗಿಲು ಸರಿಪಡಿಸಿದೆಯಾ?

ನನ್ನ ಗೆಳೆಯ ಆ ಆಸನಕ್ಕೆ ಏನನ್ನೂ ಸೇರಿಸಿರಲಿಲ್ಲ. ಅವನು ಮಾರಿದ್ದು ಸರದಿಯನ್ನು. ತಾನು ಮುಂದೆ ನಿಂತಿದ್ದೇನೆ, ನೀನು ಹಿಂದೆ ನಿಂತಿದ್ದೀ ಎಂಬ ಒಂದೇ ಸಂಗತಿಗೆ ಆ ತಂದೆ ಬೆಲೆ ತೆತ್ತ.

ಆದರೆ ಪ್ರವಾದಿವರ್ಯರು(ಸ) ಮದೀನಾದಲ್ಲಿ ಬೆಲೆ ಏರಿದಾಗಲೂ ದರ ನಿಗದಿ ಮಾಡಲು ಒಪ್ಪಲಿಲ್ಲವಲ್ಲ ಎಂದು ನೀವು ಕೇಳಬಹುದು. ಅನಸ್(ರ) ವರದಿ ಮಾಡಿದ ಆ ಹದೀಸ್ ಸುಪ್ರಸಿದ್ಧ. ಬೆಲೆಯನ್ನು ಏರಿಸುವವನೂ ಇಳಿಸುವವನೂ ಅಲ್ಲಾಹನೆಂದು ಅವರು ಹೇಳಿದರು. ಸರಕು ಕಡಿಮೆಯಾಗಿ ಬೆಲೆ ತಾನಾಗಿ ಏರಿದರೆ ವ್ಯಾಪಾರಿ ಅಪರಾಧಿಯಲ್ಲ. ಆದರೆ ಅದೇ ಪ್ರವಾದಿವರ್ಯರು(ಸ) ಸರಕು ತರುವ ತಂಡಗಳನ್ನು ಊರ ಹೊರಗೇ ಎದುರುಗೊಂಡು ಕೊಳ್ಳುವುದನ್ನು ತಡೆದರು. ಖರೀದಿಸುವ ಮನಸ್ಸಿಲ್ಲದೆ ಬೆಲೆ ಏರಿಸಿ ಕೂಗುವುದನ್ನು ತಡೆದರು. ತನ್ನ ಬಳಿ ಇಲ್ಲದ್ದನ್ನು ಮಾರಬೇಡವೆಂದು ಹಕೀಮ್ ಬಿನ್ ಹಿಝಾಮ್(ರ)ರಿಗೆ ಹೇಳಿದರು. ಬೆಲೆ ಏರುವುದು ಬೇರೆ, ಏರುವಂತೆ ಅಡ್ಡ ನಿಲ್ಲುವುದು ಬೇರೆ ಎಂಬುದು ಇದರಿಂದ ತಿಳಿಯುತ್ತದೆ.

ಇಂದಿನ ಟಿಕೇಟು ವ್ಯಾಪಾರವನ್ನು ಈ ಕನ್ನಡಿಯಲ್ಲಿ ನೋಡಿ. ಮಾರಾಟ ಆರಂಭವಾದ ಕ್ಷಣದಲ್ಲೇ ಕಂಪ್ಯೂಟರ್ ತಂತ್ರಾಂಶಗಳಿಂದ ರಾಶಿ ರಾಶಿ ಟಿಕೇಟು ಸೆಳೆದುಕೊಳ್ಳುವ ದಲ್ಲಾಳಿ ಊರ ಹೊರಗೆ ಸರಕನ್ನು ಅಡ್ಡಗಟ್ಟಿದವನೇ ಅಲ್ಲವೇ? ಕೈಯಲ್ಲಿ ಟಿಕೇಟೇ ಇಲ್ಲದೆ ಮೊದಲು ಮಾರಿ ಆಮೇಲೆ ಹುಡುಕುವವನು ತನ್ನ ಬಳಿ ಇಲ್ಲದ್ದನ್ನು ಮಾರಿದವನಲ್ಲವೇ? ನಮ್ಮೂರಿನ ಚಿತ್ರಮಂದಿರದ ಮುಂದೆ ಬ್ಲ್ಯಾಕಿನಲ್ಲಿ ಮಾರುತ್ತಿದ್ದವನ ದೊಡ್ಡ ಅಣ್ಣ ಇವನು.

ಹಾಕಿಯ ಟಿಕೇಟು ರೊಟ್ಟಿಯಲ್ಲ, ಔಷಧಿಯಲ್ಲ ಎಂಬುದು ನಿಜ. ದಾಸ್ತಾನು ಮಾಡುವವನ ಬಗೆಗಿನ ಕಠಿಣ ಎಚ್ಚರಿಕೆಯನ್ನು ಹಲವು ವಿದ್ವಾಂಸರು ಆಹಾರ ಮತ್ತು ಅಗತ್ಯ ವಸ್ತುಗಳಿಗೆ ಸೀಮಿತಗೊಳಿಸಿದ್ದಾರೆ. ಆದ್ದರಿಂದ ನಾನು ಗೆಳೆಯನ ಹಣವನ್ನು ಹರಾಮ್ ಎನ್ನಲಾರೆ. ಆದರೆ ಹರಾಮ್ ಅಲ್ಲದ್ದೆಲ್ಲ ಒಳಿತೆಂದು ಯಾರು ಹೇಳಿದರು?

ಇನ್ನು ಕಾನೂನು. ಕಾನೂನು ಒಪ್ಪಿದರೆ ಸಾಕು ಎನ್ನುವವರು ಒಂಟಾರಿಯೊದ ಕಥೆಯನ್ನು ಕೇಳಬೇಕು. ಅಲ್ಲಿ ಟಿಕೇಟನ್ನು ಮುದ್ರಿತ ಬೆಲೆಗಿಂತ ಹೆಚ್ಚಿಗೆ ಮಾರುವುದು ಬಹುಕಾಲ ಅಪರಾಧವಾಗಿತ್ತು. 2015ರಲ್ಲಿ ಆ ನಿಯಮವನ್ನು ಸಡಿಲಿಸಿ, ಟಿಕೇಟು ಅಸಲಿಯೆಂಬ ಖಾತರಿ ಅಥವಾ ಹಣ ಮರಳಿಸುವ ಭರವಸೆಯಿದ್ದರೆ ಮಾರಬಹುದೆಂದರು. 2017ರ ಹೊಸ ಶಾಸನ ತಂತ್ರಾಂಶಗಳ ಮೂಲಕ ಟಿಕೇಟು ಖರೀದಿಸುವುದನ್ನು ನಿಷೇಧಿಸಿತು ಮತ್ತು ಮರುಮಾರಾಟಕ್ಕೆ ಮೂಲ ಬೆಲೆಯ ಮೇಲೆ ಶೇಕಡಾ 50ರ ಮಿತಿ ಹಾಕಿತು. ಆ ಮಿತಿ ಜಾರಿಗೆ ಬರುವ ಮೊದಲೇ 2018ರಲ್ಲಿ ಬಂದ ಬೇರೆ ಸರಕಾರ ಅದನ್ನು ತಡೆಹಿಡಿದು, 2019ರಲ್ಲಿ ರದ್ದುಪಡಿಸಿತು. ಅಮೆರಿಕ 2016ರಲ್ಲಿ ಇಂತಹ ತಂತ್ರಾಂಶಗಳ ವಿರುದ್ಧ ಕಾನೂನು ತಂದಿತು. ಬ್ರಿಟನ್ 1994ರಲ್ಲೇ ಫುಟ್ಬಾಲ್ ಟಿಕೇಟುಗಳ ಅನಧಿಕೃತ ಮಾರಾಟವನ್ನು ಅಪರಾಧವೆಂದು ಸಾರಿತು.

ಒಂದೇ ಊರು, ಒಂದೇ ಆಸನ, ಒಂದೇ ಕೆಲಸ. ಒಂದು ವರ್ಷ ಅಪರಾಧ, ಮರುವರ್ಷ ವ್ಯಾಪಾರ. ನಾವು ವಾಸಿಸುವ ನಾಡಿನ ಕಾನೂನನ್ನು ಪಾಲಿಸುವುದು ನಮ್ಮ ಕರ್ತವ್ಯ. ಮಾರುವ ದಿನ ಯಾವ ಕಾನೂನಿದೆಯೆಂದು ತಿಳಿದೇ ಮಾರಬೇಕು. ಆದರೆ ಸರಕಾರ ಬದಲಾದಾಗಲೆಲ್ಲ ಬದಲಾಗುವುದಕ್ಕೆ ನಮ್ಮ ಮನಸ್ಸಾಕ್ಷಿ ಗೆಜೆಟ್ ಅಲ್ಲ.

ಕಾನೂನಿಗಿಂತ ಹತ್ತಿರದ್ದು ಕರಾರು. ಅಲ್‌ಮಾಇದಃ ಅಧ್ಯಾಯದ ಮೊದಲ ವಚನದಲ್ಲೇ ಸತ್ಯವಿಶ್ವಾಸಿಗಳನ್ನು ಕರೆದು ಕರಾರುಗಳನ್ನು ಪೂರೈಸಲು ಆಜ್ಞಾಪಿಸಲಾಗಿದೆ. ಮುಸ್ಲಿಮರು ತಾವು ಒಪ್ಪಿದ ಷರತ್ತುಗಳಿಗೆ ಬದ್ಧರೆಂದು ಹದೀಸ್ ಕಲಿಸುತ್ತದೆ. ಸೀಸನ್ ಟಿಕೇಟು ಕೊಳ್ಳುವಾಗ ಉದ್ದನೆಯ ಷರತ್ತುಗಳಿಗೆ ಒಪ್ಪಿಗೆ ಕೊಡುತ್ತೇವೆ. ಓದದೆ ಒಪ್ಪಿದೆ ಎಂಬುದು ನೆಪವಾಗದು. ವ್ಯಾಪಾರಕ್ಕಾಗಿ ಮರುಮಾರಾಟ ಮಾಡಬಾರದು ಎಂದು ಅದರಲ್ಲಿದ್ದರೆ, ಬೇರೆ ಬೇರೆ ಹೆಸರುಗಳಲ್ಲಿ ಖಾತೆ ತೆರೆದು ಮಾರುವವನು ತಂಡದ ಕಣ್ಣಿಗಷ್ಟೇ ಮಣ್ಣೆರಚುವುದಿಲ್ಲ, ತನ್ನ ಮಾತಿಗೂ ಮೋಸ ಮಾಡುತ್ತಾನೆ.

ಗೆಳೆಯ ಇಲ್ಲಿ ಒಂದು ಆಕ್ಷೇಪ ಎತ್ತಿದ. ಟಿಕೇಟು ಮಾರುವ ದೊಡ್ಡ ಸಂಸ್ಥೆಗಳೇ ಬೇಡಿಕೆ ನೋಡಿ ಬೆಲೆ ಏರಿಸುತ್ತವೆ, ಮರುಮಾರಾಟದಲ್ಲೂ ಶುಲ್ಕ ಕೀಳುತ್ತವೆ. ಉಪದೇಶವೆಲ್ಲ ಉಗ್ರಾಣದ ಕೂಲಿಗೇ ಏಕೆ? ಈ ಮಾತಿನಲ್ಲಿ ನ್ಯಾಯವಿದೆ. ಅಳೆದು ಪಡೆಯುವಾಗ ತುಂಬ ಪಡೆದು ಕೊಡುವಾಗ ಕಡಿತ ಮಾಡುವವರಿಗೆ ಅಲ್‌ಮುತಫ್ಫಿಫೀನ್ ಅಧ್ಯಾಯದಲ್ಲಿರುವ ಎಚ್ಚರಿಕೆ ಚಿಲ್ಲರೆ ವ್ಯಾಪಾರಿಗೆ ಮಾತ್ರ ಇಳಿದುದಲ್ಲ. ಆದರೆ ಷರತ್ತು ಅನ್ಯಾಯವೆನಿಸಿದರೆ ಒಪ್ಪುವ ಮೊದಲೇ ಬೇಡವೆನ್ನಬೇಕು. ಒಪ್ಪಿ ಲಾಭ ಪಡೆದು ಆಮೇಲೆ ಮುರಿಯುವುದು ಪ್ರತಿಭಟನೆಯಲ್ಲ. ಅಲ್ಲದೆ, ಆ ಹೆಚ್ಚಿನ ಹಣವನ್ನು ತೆತ್ತವನು ಸಂಸ್ಥೆಯ ಧಣಿಯಲ್ಲ, ಟ್ಯಾಕ್ಸಿ ಚಾಲಕ.

ಹಾಗಾದರೆ ಹೋಗಲಾಗದ ಪಂದ್ಯದ ಟಿಕೇಟನ್ನು ಹರಿದು ಎಸೆಯಬೇಕೇ? ಖಂಡಿತ ಬೇಡ. ಖಾಲಿ ಆಸನದಿಂದ ಯಾರಿಗೂ ಉಪಕಾರವಿಲ್ಲ. ದಾರಿಗಳಿವೆ. ಆಸನ ಹಂಚಿಕೊಳ್ಳುವ ಗೆಳೆಯರೊಳಗೆ ಪಂದ್ಯಕ್ಕೆ ಪಂದ್ಯ ಬದಲಾಯಿಸಿಕೊಳ್ಳಬಹುದು. ಒಳ್ಳೆಯ ಪಂದ್ಯಗಳಿಗೆ ಜಗಳವಾದರೆ ಚೀಟಿ ಎತ್ತಬಹುದು. ಪ್ರವಾದಿವರ್ಯರು(ಸ) ಪ್ರಯಾಣಕ್ಕೆ ಪತ್ನಿಯರಲ್ಲಿ ಯಾರು ಜೊತೆಗಿರಬೇಕೆಂದು ಚೀಟಿ ಎತ್ತುತ್ತಿದ್ದರೆಂದು ಹದೀಸಿನಲ್ಲಿದೆ. ಹೊರಗಿನವರಿಗೆ ಮಾರುವುದಾದರೆ ತಂಡ ಒಪ್ಪಿದ ವ್ಯವಸ್ಥೆಯ ಮೂಲಕವೇ ಖಾತೆಯಿಂದ ಖಾತೆಗೆ ವರ್ಗಾಯಿಸಬೇಕು. ಇಂದು ಅನೇಕ ಅಂಗಣಗಳಲ್ಲಿ ಟಿಕೇಟಿನ ಗುರುತುಪಟ್ಟಿ ಮೊಬೈಲಿನಲ್ಲಿ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಅದರ ಚಿತ್ರ ತೆಗೆದು ಕಳುಹಿಸಿದರೆ ಬಾಗಿಲಲ್ಲಿ ನಡೆಯುವುದಿಲ್ಲ. ಆದ್ದರಿಂದ ಕೊಳ್ಳುವವನು ಚಿತ್ರಕ್ಕೆ ಹಣ ಕೊಡಬಾರದು, ಮಾರುವವನು ಒಂದೇ ಟಿಕೇಟನ್ನು ಇಬ್ಬರಿಗೆ ತೋರಿಸಬಾರದು. ಕಂಬದ ಹಿಂದಿನ ಆಸನವಾದರೆ ಕಂಬವನ್ನು ಮೊದಲೇ ಹೇಳಬೇಕು. ಒದ್ದೆ ಧಾನ್ಯವನ್ನು ರಾಶಿಯ ಅಡಿಯಲ್ಲಿ ಬಚ್ಚಿಟ್ಟವನಿಗೆ ಪ್ರವಾದಿವರ್ಯರು(ಸ) ಏನು ಹೇಳಿದರೆಂಬುದು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಕೊಂಡವನಿಗೆ ತೊಂದರೆ ಬಂದು ಮರಳಿ ತಂದರೆ, ಸಾಧ್ಯವಿದ್ದಲ್ಲಿ ಹಿಂದಕ್ಕೆ ಪಡೆಯಬೇಕು. ಹಾಗೆ ಪಡೆದವನ ತಪ್ಪುಗಳನ್ನು ಅಲ್ಲಾಹನು ಮನ್ನಿಸುವನೆಂಬ ಸುವಾರ್ತೆಯಿದೆ.

ಬೆಲೆ ಎಷ್ಟು? ತಾನು ಕೊಟ್ಟಷ್ಟು ಮತ್ತು ವರ್ಗಾವಣೆಯ ಖರ್ಚು. ಇದು ನಾನು ಹೇರುವ ಕರ್ಮಶಾಸ್ತ್ರದ ವಿಧಿಯಲ್ಲ, ನೆಮ್ಮದಿಯ ಅಳತೆ. ಅದಕ್ಕಿಂತಲೂ ಮುಖ್ಯವಾದ ಪರೀಕ್ಷೆ ಕೊಳ್ಳುವ ದಿನದ್ದು. ಟಿಕೇಟು ಕೊಳ್ಳುವಾಗ ನನ್ನ ಮನಸ್ಸಿನಲ್ಲಿದ್ದುದು ಆಟವೋ, ಅಥವಾ ನನ್ನ ಹಿಂದೆ ನಿಂತವನ ಆಸೆಯೋ? ರಮಝಾನಿನ ಎರಡು ಪಂದ್ಯ ಮಾರಿದಾಗ ಗೆಳೆಯನ ಮನಸ್ಸಿನಲ್ಲಿ ಮೊದಲನೆಯದಿತ್ತು. ಮರುವರ್ಷ ಪಂದ್ಯ ಆರಿಸಿಕೊಂಡಾಗ ಎರಡನೆಯದಿತ್ತು. ಮೊಬೈಲಿನಲ್ಲಿ ಒತ್ತುವ ಗುಂಡಿ ಎರಡೂ ಸಲ ಒಂದೇ. ಕರ್ಮಗಳು ಸಂಕಲ್ಪವನ್ನು ಅವಲಂಬಿಸಿವೆ ಎಂದು ನಾವು ಕಲಿತದ್ದು ಇದಕ್ಕಾಗಿಯೇ ಅಲ್ಲವೇ?

ಇಷ್ಟನ್ನೂ ನಾನು ಅವನಿಗೆ ಎರಡನೆಯ ಪತ್ರದಲ್ಲಿ ಬರೆದೆ. ಮೊದಲ ಪತ್ರದ ಅವಸರಕ್ಕೆ ಕ್ಷಮೆ ಕೇಳಿದೆ. ಪಾಪವೆಂದರೆ ಮನದಲ್ಲಿ ಚುಚ್ಚುವಂತಹದ್ದು ಎಂದು ಪ್ರವಾದಿವರ್ಯರು(ಸ) ಕಲಿಸಿರುವಾಗ, ಚುಚ್ಚಿದ ಮುಳ್ಳನ್ನು ಕೀಳುವ ಬದಲು ನಾನು ಮರಗಟ್ಟುವ ಮದ್ದು ಕೊಟ್ಟಿದ್ದೆ. ಫತ್ವಾ ಕೇಳುವವನು ಕೆಲವೊಮ್ಮೆ ಅನುಮತಿಯನ್ನಲ್ಲ, ತನ್ನ ನಾಚಿಕೆಗೆ ಒಬ್ಬ ಸಾಕ್ಷಿಯನ್ನು ಹುಡುಕುತ್ತಿರುತ್ತಾನೆ. ಮದ್ರಸದಲ್ಲಿ ಪಾಠ ಹೇಳುವ ನನ್ನಂತಹವರು ಅದನ್ನು ತಿಳಿದಿರಬೇಕು.

ಅವನು ಈಗ ತನಗೆ ಬೇಡವಾದ ಪಂದ್ಯಗಳನ್ನು ಕೊಂಡ ಬೆಲೆಗೇ ಉಗ್ರಾಣದ ಜೊತೆಗಾರರಿಗೆ ಕೊಡುತ್ತಿದ್ದಾನೆ. ಹಿಂದಿನ ಎಂಟು ಪಂದ್ಯಗಳ ಲಾಭವನ್ನು ಲೆಕ್ಕ ಹಾಕಿ ಬಡವರಿಗೆ ಕೊಟ್ಟಿದ್ದಾನೆ. ಅವನ ಮದ್‌ಹಬ್ ಅದನ್ನು ಕಡ್ಡಾಯಗೊಳಿಸಿರಲಿಲ್ಲ. ಆದರೆ ಆ ಟ್ಯಾಕ್ಸಿ ಚಾಲಕನ ಹೆಸರನ್ನು ಅವನು ಕೇಳಿಟ್ಟುಕೊಂಡಿರಲಿಲ್ಲ. ದೊಡ್ಡ ಊರು, ಸಾವಿರಾರು ಟ್ಯಾಕ್ಸಿಗಳು. ಹಣ ಮರಳಿಸಲು ದಾರಿಯಿಲ್ಲ.

ಓದುಗರೇ, ನಮ್ಮಲ್ಲಿ ಹಾಕಿಯ ಸೀಸನ್ ಟಿಕೇಟು ಇರಲಿಕ್ಕಿಲ್ಲ. ಆದರೆ ರೈಲಿನ ಟಿಕೇಟಿದೆ, ನ್ಯಾಯಬೆಲೆ ಅಂಗಡಿಯ ಸಾಲಿದೆ, ಆಸ್ಪತ್ರೆಯ ಚೀಟಿಯಿದೆ. ಎಲ್ಲಿಯಾದರೂ ಒಮ್ಮೆ ನಾವು ಮುಂದೆ ನಿಂತಿರುತ್ತೇವೆ, ಹಿಂದೆ ಯಾರೋ ಮಗುವಿನ ಕೈ ಹಿಡಿದು ನಿಂತಿರುತ್ತಾರೆ. ಆಗ ಹಿಂತಿರುಗಿ ನೋಡುವ ಹೃದಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.