ದಾರಿಯ ನೀರು: ಭಯದ ಕ್ಯಾನೋ, ಮೈತ್ರಿಯ ಕ್ಯಾನೋ?




*ಇಂದಿನ ಧಮ್ಮ ಚಿಂತನೆ*

ದೂರದ ದಾರಿಗೆ ಹೊರಟಾಗ ನಮ್ಮ ನೀರನ್ನು ನಾವೇ ಒಯ್ಯುವುದು ಸರಿಯೋ ತಪ್ಪೋ? ಇದೂ ಒಂದು ಪ್ರಶ್ನೆಯೇ ಎಂದು ಕೆಲವರು ನಗಬಹುದು. ಆದರೆ ನಾಗಪುರದ ದೀಕ್ಷಾಭೂಮಿಗೆ ಹೋಗುವ ಮಾತು ಬಂದಾಗ ನಮ್ಮ ಕೂಟದಲ್ಲಿ ಬಿಸಿಬಿಸಿ ಚರ್ಚೆಯಾದದ್ದು ಇದರ ಮೇಲೆಯೇ.

ಲೆಕ್ಕ ಸರಳ. ರಾಯಚೂರಿನಿಂದ ಹೈದರಾಬಾದ್, ಆದಿಲಾಬಾದ್ ಮಾರ್ಗವಾಗಿ 700 ಕಿ.ಮೀ. ಆಸುಪಾಸು. ಒಂದು ಕ್ರೂಸರ್, 12 ಮಂದಿ. ಲಾಡ್ಜ್ ಹಿಡಿಯುವ ಶಕ್ತಿ ಎಲ್ಲರಿಗೂ ಇಲ್ಲ. ಗಾಡಿ ಪಕ್ಕಕ್ಕೆ ಹಚ್ಚಿ, ತಾಡಪತ್ರಿ ಹಾಸಿ ಮಲಗಬೇಕು. ಬೆಳಿಗ್ಗೆ ಅಲ್ಲೇ ಜಳಕ ಮಾಡಿ ಬಿಳಿ ಬಟ್ಟೆ ಉಟ್ಟು ಹೊರಡಬೇಕು. ಕುಡಿಯಲು ತಲೆಗೆ ದಿನಕ್ಕೆ 4 ಲೀಟರ್ ಎಂದರೆ 20 ಲೀಟರಿನ ಕ್ಯಾನ್ ಮೂರಾದರೂ ಬೇಕು. ಜಳಕಕ್ಕೆ ತಲೆಗೆ ಅರ್ಧ ಬಕೆಟ್ ಹಿಡಿದರೂ ನೂರು ಲೀಟರ್. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ; ಒಂದು ಕ್ವಿಂಟಲ್ ನೀರನ್ನು ಕ್ಯಾರಿಯರ್ ಮೇಲೆ ಕಟ್ಟಿದರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ಅದಕ್ಕೇ ಕುಡಿಯುವ ನೀರು ಸೀಟಿನ ಕೆಳಗೆ; ಜಳಕದ ಡ್ರಮ್ಮು ಖಾಲಿ ಒಯ್ದು, ತಂಗುವ ಕಡೆ ತುಂಬಿಸಿಕೊಳ್ಳುವುದು. ಗಾಡಿಯ ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಪಂಪು, ಅದಕ್ಕೊಂದು ಶವರ್ ಈಗ ಸಿಗುತ್ತವೆ. ಹುಡುಗರ ಆಸೆ ಅದು. ಹಿಂದಿನ ಬಾಗಿಲು ತೆರೆದು ಎರಡು ಹಳೆ ಸೀರೆ ಕಟ್ಟಿದರೆ ಬಚ್ಚಲು ಸಿದ್ಧ.

ಇದು ನಮಗೆ ಹೊಸ ವಿದ್ಯೆಯೇನಲ್ಲ. ದೇವದುರ್ಗ, ಮಾನ್ವಿ ಕಡೆಯಿಂದ ಗುಳೆ ಹೋಗುವವರ ಗಂಟಿನ ಮೇಲೆ ಕೊಡ, ಬಕೆಟ್ ಇದ್ದೇ ಇರುತ್ತವೆ. ಟಂಟಂ ಹತ್ತಿ ಹತ್ತಿ ಬಿಡಿಸಲು ಹೋಗುವ ತಾಯಂದಿರ ಕ್ಯಾನಿಗೆ ಹಸಿ ಬಟ್ಟೆ ಸುತ್ತಿರುತ್ತದೆ. ಉಳ್ಳವರು ಗಾಡಿಯಲ್ಲಿ ಸಂಸಾರ ಹೂಡುವುದನ್ನು ಮೋಜಿಗೆ ಮಾಡುತ್ತಾರೆ. ನಮ್ಮವರು ಹೊಟ್ಟೆಪಾಡಿಗೆ ಮಾಡಿಕೊಂಡು ಬಂದಿದ್ದಾರೆ.

ಚರ್ಚೆ ಎದ್ದದ್ದು ಇಲ್ಲಿ. ಹಿರಿಯರೊಬ್ಬರು ಅಂದರು: "ನಮ್ಮ ನೀರು ನಮ್ಮ ಕೈಯಾಗ ಇದ್ರ, ಇನ್ನೊಬ್ಬರ ಬಾಗಲಿಗೆ ಯಾಕ ಹೋಗಬೇಕ್ರೀ? ಯಾವೂರು, ಯಾರ ಪೈಕಿ ಅಂತ ಕೇಳಿಸ್ಕೊಳ್ಳೋದು ತಪ್ಪತೈತಿ." ಒಬ್ಬ ಹುಡುಗ ತಿರುಗಿ ಕೇಳಿದ: "ಹಂಗಾರ ನಾವು ನೀರು ಒಯ್ಯೋದು ಬಾಯಾರಿಕೆಗೋ, ಅಂಜಿಕೆಗೋ, ಯಜ್ಜಾ?"

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಎರಡು ಕ್ಯಾನ್ ಪಕ್ಕಪಕ್ಕ ಇಟ್ಟರೆ ಯಾವುದು ಸಿದ್ಧತೆಯದು, ಯಾವುದು ಭಯದ್ದು ಎಂದು ಕಣ್ಣಿಗೆ ಕಾಣುವುದಿಲ್ಲ. ವ್ಯತ್ಯಾಸ ಇರುವುದು ಹೊತ್ತವನ ಚಿತ್ತದಲ್ಲಿ.

ಹಿರಿಯರ ಮಾತನ್ನು ಹಗುರವಾಗಿ ತಳ್ಳುವಂತಿಲ್ಲ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದುಕೊಂಡ 1901ರ ಪ್ರಯಾಣವನ್ನು ನೆನೆಯೋಣ. ಭೀಮನಿಗೆ ಒಂಬತ್ತು ವರ್ಷ. ಅಪ್ಪನನ್ನು ಕಾಣಲು ಅಣ್ಣನ ಜೊತೆ, ಅಕ್ಕನ ಇಬ್ಬರು ಗಂಡುಮಕ್ಕಳ ಜೊತೆ ಹೊರಟ. ಮಸೂರು ಸ್ಟೇಷನ್ನಿನಲ್ಲಿ ಜಾತಿ ತಿಳಿದ ಮೇಲೆ ಗಾಡಿಯವರು ಯಾರೂ ಬರಲೊಲ್ಲರು. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಎತ್ತಿನ ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು ಹೋಗಬೇಕಾಯಿತು. ಗಾಡಿಯವನು ಜೊತೆಗೆ ನಡೆದು ಬಂದ. ಬುತ್ತಿ ತುಂಬ ಇತ್ತು, ನೀರಿರಲಿಲ್ಲ. ದಾರಿಯಲ್ಲಿ ಸಿಕ್ಕ ನೀರು ಗಬ್ಬು ನಾರುತ್ತಿತ್ತು. ಸುಂಕದ ಕಟ್ಟೆಯಲ್ಲಿ ಕೇಳಿದರೂ ಸಿಗಲಿಲ್ಲ. ಬುತ್ತಿ ಮುಂದಿಟ್ಟುಕೊಂಡು, ಉಪವಾಸ, ಗಾಡಿಯಲ್ಲೇ ರಾತ್ರಿ ಕಳೆದರು. ಆ ಗಾಡಿಯಲ್ಲಿ ಒಂದು ಕೊಡ ನೀರು ಇದ್ದಿದ್ದರೆ! ನೀರು ಒಯ್ಯುವುದು ಹೇಡಿತನ ಎನ್ನುವವರು ಆ ನಾಲ್ಕು ಮಕ್ಕಳ ಒಣಗಿದ ಬಾಯಿ ನೆನೆಯಬೇಕು.

ಆದರೆ ಅದೇ ಬಾಲಕ ದೊಡ್ಡವನಾಗಿ, "ಎಲ್ಲರೂ ಕೊಡ ಹೊತ್ತುಕೊಂಡು ತಿರುಗಿರಿ" ಎಂದು ಹೇಳಲಿಲ್ಲ. 1927ರ ಮಾರ್ಚ್ 20ರಂದು ಸಾವಿರಾರು ಜನರನ್ನು ಮಹಾಡದ ಚವದಾರ್ ಕೆರೆಗೆ ನಡೆಸಿಕೊಂಡು ಹೋದರು. ಆ ಕೆರೆಯ ನೀರಿಲ್ಲದೆ ನಾವೇನೂ ಸಾಯುವುದಿಲ್ಲ, ನಾವೂ ಮನುಷ್ಯರೆಂದು ಸ್ಥಾಪಿಸಲು ಹೊರಟಿದ್ದೇವೆ ಎಂಬುದು ಅವರ ನಿಲುವಾಗಿತ್ತು. ಮುಂದೆ ಬಾಂಬೆ ಹೈಕೋರ್ಟಿನ ತೀರ್ಪು ಬರಲು 1937 ಆಯಿತು. ಹತ್ತು ವರ್ಷ ಹೋರಾಡಿ ಗೆದ್ದ ಹಕ್ಕನ್ನು ನಾವು ಒಂದು ಪ್ಲಾಸ್ಟಿಕ್ ಕ್ಯಾನಿಗೆ ಮಾರಿಕೊಳ್ಳಬಾರದು.

ಹಾಗಾದರೆ ಒಯ್ಯಬೇಕೋ ಬೇಡವೋ? ಭಗವಾನ್ ಬುದ್ಧರ ಸಂಘದಲ್ಲಿ ಇದಕ್ಕೆ ಉತ್ತರವಿದೆ. ಭಿಕ್ಖುವಿನ ಎಂಟು ಪರಿಕರಗಳಲ್ಲಿ ಒಂದು 'ಪರಿಸ್ಸಾವನ', ಅಂದರೆ ನೀರು ಸೋಸುವ ಬಟ್ಟೆ. ವಿನಯಪಿಟಕದಲ್ಲಿ ಒಂದು ಪ್ರಸಂಗ ಬರುತ್ತದೆ. ಇಬ್ಬರು ಭಿಕ್ಖುಗಳು ಕೋಸಲ ನಾಡಿನ ದಾರಿಯಲ್ಲಿದ್ದರು. ಒಬ್ಬನ ನಡತೆ ಸರಿ ಇರಲಿಲ್ಲ. ಇನ್ನೊಬ್ಬ ತಿದ್ದಿ ಹೇಳಿದ. ಹೇಳಿಸಿಕೊಂಡವನು ಹಗೆ ಇಟ್ಟುಕೊಂಡ. ಮುಂದೆ ಬುದ್ಧಿ ಹೇಳಿದವನಿಗೆ ಬಾಯಾರಿತು. ಸೋಸುವ ಬಟ್ಟೆ ಕೇಳಿದ, ಇವನು ಕೊಡಲಿಲ್ಲ. ಆತ ಬಾಯಾರಿಯೇ ಸತ್ತ. ಈ ಸುದ್ದಿ ಕೇಳಿ ಭಗವಾನರು ಎರಡು ನಿಯಮ ಮಾಡಿದರು. ದಾರಿಯಲ್ಲಿ ಕೇಳಿದವನಿಗೆ ಸೋಸುವ ಬಟ್ಟೆ ಕೊಡದಿರುವುದು ದೋಷ. ಸೋಸುವ ಬಟ್ಟೆ ಇಲ್ಲದೆ ದೂರದ ದಾರಿ ಹಿಡಿಯುವುದೂ ದೋಷ. ಅದಿಲ್ಲದಿದ್ದರೆ ಚೀವರದ ಅಂಚನ್ನಾದರೂ ಅದಕ್ಕೆಂದು ಇಟ್ಟುಕೊಳ್ಳಬೇಕು.

ಎರಡೂ ನಿಯಮಗಳನ್ನು ಜೊತೆಗಿಟ್ಟು ನೋಡಿ. ಸಿದ್ಧನಾಗಿ ಹೋಗು, ಹೋದ ಮೇಲೆ ಕೇಳಿದವನಿಗೆ ಇಲ್ಲವೆನ್ನಬೇಡ. ಒಯ್ಯುವ ಕರ್ತವ್ಯ, ಕೊಡುವ ಕರ್ತವ್ಯ ಒಂದೇ ಗಂಟಿನಲ್ಲಿವೆ. ಕೊಡುವ ಮನಸ್ಸಿಲ್ಲದವನ ಕೈಯಲ್ಲಿ ಪರಿಕರವೂ ಕೊಲ್ಲುತ್ತದೆ. ಭಯದ ಕ್ಯಾನ್ ತನ್ನವರಿಗಷ್ಟೇ ಬಾಯಿ ತೆರೆಯುತ್ತದೆ. ಮೈತ್ರಿಯ ಕ್ಯಾನ್ ಕೇಳಿದ ಯಾರಿಗಾದರೂ ತೆರೆಯುತ್ತದೆ.

ಇಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳೋಣ. ಎಡ-ಬಲ ಎಂಬ ಗೆರೆ ನಮ್ಮ ಕ್ಯಾನಿನ ಹತ್ತಿರ ಬಂದು ನಿಲ್ಲುತ್ತದೆಯೋ? ರಸ್ತೆ ಬದಿ ಗುಡಾರ ಹಾಕಿದ ಅಲೆಮಾರಿ ಕುಟುಂಬದ ಮಗು ಬಂದು ಕೈ ಒಡ್ಡಿದರೆ ನಮ್ಮದೇ ಲೋಟ ಕೊಡುತ್ತೇವೆಯೋ, ಮೇಲಿಂದ ಹೊಯ್ಯುತ್ತೇವೆಯೋ? ಬೊಗಸೆಗೆ ಮೇಲಿಂದ ನೀರು ಹೊಯ್ಯಿಸಿಕೊಂಡವರ ಮೊಮ್ಮಕ್ಕಳು ನಾವು. ಆ ಎತ್ತರ ನಮ್ಮ ಕೈಗೆ ಬರಬಾರದು.

ಜಳಕದ ವಿಷಯವೂ ಇದೆ. ದಾಸಿಯಾಗಿದ್ದ ಥೇರಿ ಪುಣ್ಣಿಕಾ ಚಳಿಯಲ್ಲಿ ನಡುಗುತ್ತ ನದಿಯಲ್ಲಿ ಮುಳುಗಿದ ಬ್ರಾಹ್ಮಣನನ್ನು ಪ್ರಶ್ನಿಸಿದಳು. ಮುಳುಗಿದರೆ ಪಾಪ ಹೋಗುವುದಾದರೆ ಕಪ್ಪೆ ಆಮೆಗಳೇ ಮೊದಲು ಸ್ವರ್ಗಕ್ಕೆ ಹೋಗಬೇಕಲ್ಲ ಎಂಬುದು ಅವಳ ತರ್ಕ. ದೀಕ್ಷಾಭೂಮಿಗೆ ಹೋಗುವ ಮುಂಚಿನ ಜಳಕ ಮೈಯ ಧೂಳಿಗೆ, ಮಡಿಗಲ್ಲ. ಆದ್ದರಿಂದ ನೀರು ಕಡಿಮೆ ಬಿದ್ದರೆ ಮೊದಲು ಕುಡಿಯುವವರು, ಆಮೇಲೆ ಮೀಯುವವರು. ಸೀರೆಯ ಮರೆ ಮೊದಲು ತಾಯಂದಿರಿಗೆ, ಹೆಣ್ಣುಮಕ್ಕಳಿಗೆ. ಡ್ರಮ್ಮು ತುಂಬಿಸುವ ಕೆಲಸ ಗಂಡಸರದು. ದಿನವೂ ಕೊಡ ಹೊರುವವರು ಈ ದಾರಿಯಲ್ಲಾದರೂ ಖಾಲಿ ಕೈಯಲ್ಲಿ ಬರಲಿ.

ಕೊನೆಯ ಮಾತು. ನಮ್ಮ ಕ್ಯಾನ್ ತುಂಬಿದೆ ಎಂದು ಊರಿನ ನಳ ಮರೆಯುವಂತಿಲ್ಲ. ದಾರಿಯುದ್ದಕ್ಕೂ ಮನುಷ್ಯರಿಗೆ, ಪ್ರಾಣಿಗಳಿಗೆ ಬಾವಿ ತೋಡಿಸಿದ್ದಾಗಿ ಅಶೋಕ ಕಲ್ಲಿನಲ್ಲಿ ಬರೆಸಿದ್ದಾನೆ. ನಮ್ಮದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಅವನ ಶಾಸನ, ಧಮ್ಮದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವರಿಗೂ ಸಿಗುತ್ತದೆ ಎನ್ನುತ್ತದೆ. ಅಂಥ ನೆಲದಲ್ಲಿ, ಕೃಷ್ಣೆ-ತುಂಗಭದ್ರೆಯರ ನಡುವೆ ಇರುವ ರಾಯಚೂರು ನಗರದಲ್ಲಿ, 2022ರಲ್ಲಿ ನಳದ ಕಲುಷಿತ ನೀರು ಕುಡಿದು ಜನ ಸತ್ತರು. ಕ್ಯಾನ್ ಕೊಳ್ಳುವ ಶಕ್ತಿ ಇದ್ದವರು ತಮ್ಮ ಪಾಡಿಗೆ ಕೊಂಡುಕೊಂಡು ಸುಮ್ಮನಾದರೆ ನಳದ ಪರವಾಗಿ ಮಾತಾಡುವವರು ಯಾರು?

*ಇಂದಿನ ಸಂಕಲ್ಪ*

ದಾರಿಗೆ ನೀರು ಒಯ್ಯುತ್ತೇನೆ, ಅಂಜಿ ಒಯ್ಯುವುದಿಲ್ಲ.
ಕೇಳಿದವರ ಜಾತಿ ಕೇಳದೆ ಕೊಡುತ್ತೇನೆ.
ಸಾರ್ವಜನಿಕ ನಳ ಕಂಡಲ್ಲಿ ಇಳಿದು, ತಲೆ ಎತ್ತಿ ನೀರು ಹಿಡಿಯುತ್ತೇನೆ.

ಭವತು ಸಬ್ಬ ಮಂಗಲಂ.
ಜೈಭೀಮ್. ನಮೋ ಬುದ್ಧಾಯ.