ಪೀಪಾಯಿಯೊಳಗಿನ ಗಂಧಕ

ಒಂದು ವಸ್ತುವಿನಲ್ಲಿರುವ ದೋಷವನ್ನು ಅದನ್ನು ಅನುಭವಿಸುವವನು ಅರಿಯದೇ ಹೋದರೆ, ಆ ದೋಷವು ಅವನ ಪಾಲಿಗೆ ಇದ್ದಂತೆಯೋ, ಇಲ್ಲದಂತೆಯೋ? ಪ್ರಶ್ನೆಯು ಮೇಲುನೋಟಕ್ಕೆ ಒಣ ತರ್ಕದಂತೆ ತೋರಬಹುದು. ಆದರೆ ದಿನವೂ ಮಕ್ಕಳ ಬರವಣಿಗೆಯನ್ನು ತಿದ್ದುವ ಉಪಾಧ್ಯಾಯರಿಗಾಗಲಿ, ತಿದ್ದಿಸಿಕೊಳ್ಳುವ ವಿದ್ಯಾರ್ಥಿಗಳಿಗಾಗಲಿ ಇದು ದೂರದ ಪ್ರಶ್ನೆಯಲ್ಲ. ಇದನ್ನು ವಿಚಾರಿಸಲು ನಾವು ಆರಿಸಿಕೊಂಡಿರುವ ಉದಾಹರಣೆ ಮಾತ್ರ ದೂರದ್ದು. ಅದು ಸ್ಕಾಟ್ಲೆಂಡಿನ ವಿಸ್ಕಿಯದು. ಮದ್ಯದ ಮಾತು ಈ ಪುಟಗಳಿಗೆ ತಕ್ಕುದೇ ಎಂದು ಹುಬ್ಬೇರಿಸುವ ಹಿರಿಯರು ಇರಬಹುದು. ನಾವು ಪಾನವನ್ನು ಹೊಗಳಲು ಹೊರಟವರಲ್ಲ. ವೈದ್ಯನು ವಿಷದ ಗುಣವನ್ನು ವಿವರಿಸಿದ ಮಾತ್ರಕ್ಕೆ ವಿಷಪ್ರಾಶನಕ್ಕೆ ಕರೆದಂತಾಗುವುದಿಲ್ಲ. ಇಲ್ಲಿ ದೋಷವನ್ನು ತಂದವನೊಬ್ಬ, ಅದನ್ನು ಅರಿಯುವವನೊಬ್ಬ, ಅದಕ್ಕೆ ಹಣ ತೆರುವವನೊಬ್ಬ; ಹೀಗೆ ಮೂವರೂ ಬೇರೆ ಬೇರೆಯಾಗಿ ನಿಂತಿರುವುದರಿಂದಲೇ ಈ ಉದಾಹರಣೆ ನಮಗೆ ಬೇಕಾಯಿತು.

ಸ್ಪೇನ್ ದೇಶದ ದಕ್ಷಿಣಕ್ಕೆ ಹೆರೆಸ್ ಎಂಬ ಊರುಂಟು. ಅದರ ಸುತ್ತಲಿನ ದ್ರಾಕ್ಷಿಯಿಂದ ಮಾಡುವ ಮದ್ಯಕ್ಕೆ ಆ ಊರಿನ ಹೆಸರೇ ಇಂಗ್ಲಿಷರ ಬಾಯಲ್ಲಿ ತಿರುಗಿ ಶೆರಿ ಎಂದಾಯಿತು. ಬಹುಕಾಲ ಶೆರಿಯು ಓಕ್ ಮರದ ಪೀಪಾಯಿಗಳಲ್ಲಿ ತುಂಬಿ ಹಡಗೇರಿ ಬ್ರಿಟನ್ನಿಗೆ ಬರುತ್ತಿತ್ತು. ಬರಿದಾದ ಪೀಪಾಯಿಯನ್ನು ಸ್ಪೇನಿಗೆ ಹಿಂದಕ್ಕೆ ಕಳಿಸುವುದು ದುಬಾರಿ. ಸ್ಕಾಟರು ಅದನ್ನು ಕೊಂಡು ತಾವು ಬಟ್ಟಿಯಿಳಿಸಿದ ಬಾರ್ಲಿಯ ಸಾರವನ್ನು ಅದರಲ್ಲಿ ತುಂಬಿಟ್ಟರು. ಮಿತವ್ಯಯಕ್ಕೆಂದು ಮಾಡಿದ್ದು ಗುಣಕ್ಕೆ ಕಾರಣವಾಯಿತು. ಮರದಲ್ಲಿ ನೆನೆದಿದ್ದ ಶೆರಿಯು ವಿಸ್ಕಿಗೆ ಕೆಂಗಂದು ಬಣ್ಣವನ್ನೂ ಒಣದ್ರಾಕ್ಷಿ, ಅಂಜೂರಗಳ ಪರಿಮಳವನ್ನೂ ಕೊಟ್ಟಿತು. ಸ್ಕಾಚ್ ಎನಿಸಿಕೊಳ್ಳಬೇಕಾದರೆ ಕನಿಷ್ಠ 3 ವರ್ಷ ಓಕ್ ಪೀಪಾಯಿಯಲ್ಲಿ ಇರಬೇಕೆಂಬುದು ಕಾನೂನು. ಒಳ್ಳೆಯವೆನಿಸಿದವು 12 ವರ್ಷ, 18 ವರ್ಷ ಕಾಯುತ್ತವೆ. 1980ರ ದಶಕದಲ್ಲಿ ಶೆರಿಯನ್ನು ಸ್ಪೇನಿನಲ್ಲಿಯೇ ಸೀಸೆಗೆ ತುಂಬಿ ಕಳಿಸುವ ವ್ಯವಸ್ಥೆ ಬಂದು, ಪೀಪಾಯಿಗಳ ಹಳೆಯ ಪ್ರವಾಹ ಬತ್ತಿತು. ಈಗ ವಿಸ್ಕಿಯವರೇ ಸ್ಪೇನಿನಲ್ಲಿ ಪೀಪಾಯಿ ಮಾಡಿಸಿ, ಒಂದೆರಡು ವರ್ಷ ಅದರಲ್ಲಿ ಶೆರಿ ನಿಲ್ಲಿಸಿ, ಬರಿದು ಮಾಡಿಸಿ ತರಿಸಿಕೊಳ್ಳುತ್ತಾರೆ. ಒಂದೊಂದು ಪೀಪಾಯಿಯೂ ಸುಮಾರು 500 ಲೀಟರ್ ಹಿಡಿಯುವ ದೊಡ್ಡ ಪಾತ್ರೆ. ಬೆಲೆಯೂ ಹಾಗೆಯೇ ದೊಡ್ಡದು.

ತೊಡಕು ಹುಟ್ಟುವುದು ಈ ಬರಿದಾದ ಅವಧಿಯಲ್ಲಿ. ಒಳಗೆ ತೇವ ಉಳಿದ ಮರವು ಬೂಸರಕ್ಕೂ, ಮದ್ಯವನ್ನು ಹುಳಿಯಾಗಿಸುವ ಸೂಕ್ಷ್ಮಜೀವಿಗಳಿಗೂ ಹಿತವಾದ ಮನೆ. ಅವುಗಳಿಂದ ಕಾಪಾಡಲು ಯುರೋಪಿನ ಮದ್ಯಕಾರರು ಶತಮಾನಗಳಿಂದ ಒಂದು ಉಪಾಯವನ್ನು ಬಲ್ಲರು: ಪೀಪಾಯಿಯ ಬಾಯಿಂದ ಗಂಧಕದ ಬತ್ತಿಯೊಂದನ್ನು ಇಳಿಬಿಟ್ಟು ಉರಿಸುವುದು. ಅದರ ಹೊಗೆ ಒಳಗೆಲ್ಲ ತುಂಬಿ ಕ್ರಿಮಿಗಳನ್ನು ಕೊಲ್ಲುತ್ತದೆ. ಇದು ಕಪಟವೇನಲ್ಲ. ನಮ್ಮ ನಾಡಿನ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲನ್ನು ಬಿಳುಪು ಮಾಡಲು ಹಾಯಿಸುವುದೂ ಇದೇ ಹೊಗೆಯನ್ನೇ. ಆದರೆ ಬತ್ತಿಯು ಅಳತೆ ಮೀರಿ ಉರಿದರೆ, ಕರಗಿದ ಗಂಧಕವು ಮರಕ್ಕೆ ತೊಟ್ಟಿಕ್ಕಿದರೆ, ಕಾವಲಿಗೆ ಬಂದದ್ದು ಮನೆಯಲ್ಲಿಯೇ ನೆಲಸಿಬಿಡುತ್ತದೆ. ಆಮೇಲೆ ತುಂಬಿದ ವಿಸ್ಕಿಯು ಮರದಿಂದ ಪರಿಮಳವನ್ನು ಹೀರುವಾಗ ಅದನ್ನೂ ಹೀರಿಕೊಳ್ಳುತ್ತದೆ. ಗಂಧಕವೆಂಬ ಹೆಸರಿನಲ್ಲಿಯೇ ಗಂಧವಿದೆ. ಆದರೆ ಈ ಗಂಧ ಗೀರಿದ ಬೆಂಕಿಕಡ್ಡಿಯದು, ಸುಟ್ಟ ರಬ್ಬರಿನದು, ಅತಿಯಾಗಿ ಬೆಂದ ಕೋಸಿನದು, ಕೆಲವೊಮ್ಮೆ ಕೊಳೆತ ಮೊಟ್ಟೆಯದು.

ಬತ್ತಿಯನ್ನೇ ದೂರುವುದು ಪೂರ್ತಿ ನ್ಯಾಯವಲ್ಲವೆಂದು ರಸಾಯನ ಬಲ್ಲವರು ವಾದಿಸುತ್ತಾರೆ. ಬಾರ್ಲಿಯು ಹುದುಗುವಾಗಲೇ ಗಂಧಕದ ಸಂಯುಕ್ತಗಳು ಹುಟ್ಟುತ್ತವೆ. ಬಟ್ಟಿಯ ತಾಮ್ರವು ಅವುಗಳಲ್ಲಿ ಬಹುಪಾಲನ್ನು ಹಿಡಿದುಕೊಳ್ಳುತ್ತದೆ. ಉಳಿದದ್ದನ್ನು ಪೀಪಾಯಿಯ ಒಳಮೈಯ ಇದ್ದಿಲಿನ ಪದರವು ವರ್ಷಗಳಲ್ಲಿ ತೆಗೆಯುತ್ತದೆ. ಅಮೆರಿಕದ ಪೀಪಾಯಿಯ ಒಳಮೈಯನ್ನು ಕರಿಯಾಗುವಂತೆ ಸುಡುತ್ತಾರೆ. ಶೆರಿಯದನ್ನು ಬರಿದೆ ಹದವಾಗಿ ಕಾಯಿಸುತ್ತಾರೆ. ಆದ್ದರಿಂದ ಶೆರಿ ಪೀಪಾಯಿಯ ತಪ್ಪು ಗಂಧಕವನ್ನು ಕೊಟ್ಟದ್ದಲ್ಲ, ಇದ್ದದ್ದನ್ನು ತೆಗೆಯದೇ ಹೋದದ್ದು ಎಂಬುದು ಅವರ ಮಾತು. ಬತ್ತಿಯೋ ಬಟ್ಟಿಯೋ ಎಂಬ ಈ ವ್ಯಾಜ್ಯವನ್ನು ಅವರಿಗೇ ಬಿಡೋಣ. ದೋಷವು ಯಾವ ದಾರಿಯಿಂದ ಬಂದರೂ ನಮ್ಮ ಪ್ರಶ್ನೆ ಹಾಗೆಯೇ ನಿಲ್ಲುತ್ತದೆ.

ಏಕೆಂದರೆ ಈ ವಾಸನೆ ಎಲ್ಲರಿಗೂ ತಿಳಿಯುವುದಿಲ್ಲ. ಇಂಥ ಸಂಯುಕ್ತಗಳಲ್ಲಿ ಕೆಲವು ನೂರು ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಸೂಕ್ಷ್ಮವಾದ ಮೂಗಿಗೆ ನಿಲುಕುತ್ತವೆ. ಮತ್ತೊಬ್ಬನಿಗೆ ಅದೇ ಲೋಟದಲ್ಲಿ ಒಣದ್ರಾಕ್ಷಿಯಲ್ಲದೆ ಬೇರೇನೂ ಇಲ್ಲ. ಇಂಗ್ಲೆಂಡಿನ ಜಿಮ್ ಮರ್ರೇ ಎಂಬ ವಿಮರ್ಶಕರು ತಮ್ಮ 'ವಿಸ್ಕಿ ಬೈಬಲ್' ಎಂಬ ವಾರ್ಷಿಕ ಗ್ರಂಥದಲ್ಲಿ ಗಂಧಕ ಹತ್ತಿದ ಶೆರಿ ಪೀಪಾಯಿಗಳ ವಿರುದ್ಧ ವರ್ಷವರ್ಷವೂ ಕೂಗಿದರು. 2014ರಲ್ಲಿ ಅವರು ಲೋಕದ ಅತ್ಯುತ್ತಮ ವಿಸ್ಕಿಯೆಂದು ಸಾರಿದ್ದು ಜಪಾನಿನ ಯಮಝಾಕಿಯನ್ನು. ಅದೂ ಶೆರಿ ಪೀಪಾಯಿಯದೇ. ಸ್ಕಾಟ್ಲೆಂಡಿನಲ್ಲಿ ಅದರಿಂದಾದ ಮುಜುಗರವನ್ನು ಊಹಿಸಬಹುದು. ಅವರ ತೀರ್ಪನ್ನು ಒಪ್ಪಿದವರಿದ್ದಾರೆ. ಒಬ್ಬನ ಮೂಗಿನ ಕಾಟವನ್ನು ಊರಿಗೆಲ್ಲ ಶಾಸನ ಮಾಡಹೊರಟರು ಎಂದು ನಕ್ಕವರೂ ಇದ್ದಾರೆ.

ನಕ್ಕವರ ಪಕ್ಷವನ್ನೇ ಮೊದಲು ಕೇಳೋಣ. ರುಚಿಯೆಂಬುದು ನಾಲಗೆಯ ಮೇಲಲ್ಲದೆ ಬೇರೆಲ್ಲಿಯೂ ಇಲ್ಲ. ನೂರರಲ್ಲಿ ಬಹುಮಂದಿಗೆ ಹಿತವಾದುದನ್ನು ಕೆಲವರು ಕೆಟ್ಟದ್ದೆಂದರೆ, ಅದು ಆ ಕೆಲವರ ಶರೀರಧರ್ಮವೇ ಹೊರತು ವಸ್ತುವಿನ ದೋಷವಲ್ಲ. ಈ ವಾದ ಹಗುರವಾದುದಲ್ಲ. ಆದರೆ ಇದಕ್ಕೆ ಸಮಾಧಾನವನ್ನು ಬಹಳ ಹಿಂದೆಯೇ ಸ್ಕಾಟ್ಲೆಂಡಿನವರೇ ಆದ ಡೇವಿಡ್ ಹ್ಯೂಮ್ ಎಂಬ ದಾರ್ಶನಿಕರು 1757ರಲ್ಲಿ ಪ್ರಕಟಿಸಿದ ಅಭಿರುಚಿಯ ಪ್ರಮಾಣವನ್ನು ಕುರಿತ ಪ್ರಬಂಧದಲ್ಲಿ ಹೇಳಿದ್ದಾರೆ; ಅದೂ ಒಂದು ಪೀಪಾಯಿಯ ಕಥೆಯಿಂದಲೇ. ಕಥೆ ಅವರದಲ್ಲ, ಸೆರ್ವಾಂಟಿಸನ 'ಡಾನ್ ಕ್ವಿಕ್ಸೋಟ್' ಕಾದಂಬರಿಯ 1615ರ ಎರಡನೆಯ ಭಾಗದ್ದು. ಅಲ್ಲಿ ಸೇವಕ ಸಾಂಚೋ ತನ್ನ ವಂಶದ ಇಬ್ಬರು ರುಚಿಪರೀಕ್ಷಕರ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತಾನೆ. ಒಂದು ಪೀಪಾಯಿಯ ಮದ್ಯವನ್ನು ಅವರಿಗೆ ಕೊಟ್ಟಾಗ, ಒಬ್ಬನು ನಾಲಗೆಯ ತುದಿಗೆ ಸೋಕಿಸಿ ಇದರಲ್ಲಿ ಕಬ್ಬಿಣದ ರುಚಿಯಿದೆ ಎಂದ. ಮತ್ತೊಬ್ಬನು ಮೂಗಿನ ಬಳಿ ಹಿಡಿದು ಚರ್ಮದ ವಾಸನೆಯಿದೆ ಎಂದ. ಮದ್ಯದ ಒಡೆಯನು, ಪೀಪಾಯಿ ಶುಭ್ರವಾಗಿದೆ, ಅಂಥದ್ದೇನೂ ಬೆರೆತಿಲ್ಲ ಎಂದು ಹಟ ಹಿಡಿದ. ಕಡೆಗೆ ಪೀಪಾಯಿಯನ್ನು ತೊಳೆಯುವಾಗ ತಳದಲ್ಲಿ ಸಿಕ್ಕಿತು ಚರ್ಮದ ಪಟ್ಟಿಗೆ ಕಟ್ಟಿದ ಒಂದು ಸಣ್ಣ ಕೀಲಿಕೈ.

ಹ್ಯೂಮರ ಅಭಿಪ್ರಾಯ ಇಷ್ಟು: ಕೀಲಿಕೈ ಸಿಕ್ಕದೇ ಹೋಗಿದ್ದರೂ ಆ ಇಬ್ಬರ ಸೂಕ್ಷ್ಮತೆ ಸೂಕ್ಷ್ಮತೆಯೇ ಆಗಿರುತ್ತಿತ್ತು, ಅದನ್ನು ನಕ್ಕವರಿಗೆ ತೋರಿಸಿಕೊಡುವುದು ಮಾತ್ರ ಕಷ್ಟವಾಗುತ್ತಿತ್ತು. ಗಂಧಕದ ವಿಷಯದಲ್ಲಿ ಅಂಥದೊಂದು ಕೀಲಿಕೈ ನಮಗೂ ಉಂಟು. ವಾಸನೆ ಹೊಡೆಯುವ ಲೋಟದೊಳಕ್ಕೆ ತೊಳೆದ ತಾಮ್ರದ ನಾಣ್ಯವೊಂದನ್ನು ಹಾಕಿ ಕೊಂಚ ತಿರುಗಿಸಿದರೆ, ಗಂಧಕದ ಕೆಲವು ಸಂಯುಕ್ತಗಳು ತಾಮ್ರಕ್ಕೆ ಅಂಟಿ ದುರ್ಗಂಧ ಇಳಿಯುತ್ತದೆ. ಎಲ್ಲ ಸಂಯುಕ್ತಗಳೂ ಹೀಗೆ ಹೋಗವು. ಆದರೆ ಇಳಿದಾಗ, ಮೊದಲು ಏನೂ ತಿಳಿಯದಿದ್ದವನೂ ಎರಡು ಲೋಟಗಳನ್ನು ಪಕ್ಕಪಕ್ಕದಲ್ಲಿಟ್ಟು ಮೂಸಿದರೆ ಅಂತರವನ್ನು ಗುರುತಿಸುವುದುಂಟು. ಇದ್ದದ್ದು ವಸ್ತುವಿನಲ್ಲಿ, ಬೇಕಾದದ್ದು ಹೋಲಿಕೆ.

ಹಾಗಾದರೆ ಗಂಧಕವಿದೆ ಎಂಬುದು ಸತ್ಯವಾಯಿತು. ಇರುವುದೆಲ್ಲ ದೋಷವೇ? ಇಲ್ಲಿ ನಮ್ಮ ಅಲಂಕಾರಶಾಸ್ತ್ರದ ನೆರವು ಬೇಕಾಗುತ್ತದೆ. 9ನೆಯ ಶತಮಾನದ ಆನಂದವರ್ಧನನು ಕೆಲವು ದೋಷಗಳು ಅನಿತ್ಯವೆಂದನು. ಕಿವಿಗೆ ಕಠಿಣವಾದ ಅಕ್ಷರಗಳು ಶೃಂಗಾರದಲ್ಲಿ ತ್ಯಾಜ್ಯ. ರೌದ್ರದಲ್ಲಿ ಅವೇ ರಸಕ್ಕೆ ಪೋಷಕ. ಸ್ಕಾಟ್ಲೆಂಡಿನ ಮಾರ್ಟ್‌ಲಾಕ್, ಕ್ರೇಗೆಲ್ಲಾಕಿ ಎಂಬ ಬಟ್ಟಿಮನೆಗಳವರು ಆವಿಯನ್ನು ತಣಿಸಲು ಈಗಲೂ ನೀರಿನ ತೊಟ್ಟಿಯಲ್ಲಿ ಮುಳುಗಿದ ಸುರುಳಿಕೊಳವೆಯ ಹಳೆಯ ಪದ್ಧತಿಯನ್ನು ಬಿಟ್ಟಿಲ್ಲ. ಅಲ್ಲಿ ಆವಿಗೆ ತಾಮ್ರದ ಸ್ಪರ್ಶ ಕಡಿಮೆ. ಗಂಧಕ ಕೊಂಚ ಉಳಿಯುತ್ತದೆ. ಉಳಿದದ್ದು ಮಾಂಸದ ಸಾರಿನಂಥ ಗಡುಸು ರುಚಿಯಾಗಿ ಆ ಮನೆಗಳ ಕುಲಲಕ್ಷಣವೆನಿಸಿದೆ. ಅದಕ್ಕಾಗಿಯೇ ಅದನ್ನು ಅರಸುವವರಿದ್ದಾರೆ. ಅದೇ ವಾಸನೆ ಅಂಜೂರದ ಮಾಧುರ್ಯವನ್ನು ಬಯಸಿ ಶೆರಿ ಪೀಪಾಯಿಯಲ್ಲಿ ಇಟ್ಟ ವಿಸ್ಕಿಯ ಮೇಲೆ ಹೊದ್ದುಕೊಂಡರೆ ಅದು ಭಂಗ. ಮಾಡುವವನು ಯಾವುದನ್ನು ಉದ್ದೇಶಿಸಿ ಮಾಡಿದನೋ ಅದನ್ನು ಮುಚ್ಚಿದುದೇ ದೋಷವೆಂದು ನಮಗೆ ತೋರುತ್ತದೆ. ಉದ್ದೇಶಿಸಿದ್ದೆಲ್ಲ ಗುಣವಾಗುವುದಿಲ್ಲ ಎಂಬ ಆಕ್ಷೇಪವನ್ನೂ ಬಲ್ಲೆವು. ಕೆಟ್ಟ ಕವಿಗೂ ಉದ್ದೇಶವಿರುತ್ತದೆ. ಅದು ಬೇರೆಯೇ ಪ್ರಬಂಧಕ್ಕೆ ವಿಷಯ.

ಈಗ ಸಾಂಚೋ ಹೇಳಿದ ಕಥೆಗೆ ಮರಳಬೇಕು. ಹ್ಯೂಮರು ಅದನ್ನು ಹೇಳುವಾಗ, ಪೀಪಾಯಿ ಬರಿದಾದಾಗ ಕೀಲಿಕೈ ಸಿಕ್ಕಿತು ಎಂದಷ್ಟೇ ಹೇಳಿ ಮುಂದೆ ಸಾಗುತ್ತಾರೆ. ಸೆರ್ವಾಂಟಿಸನಲ್ಲಿ ಒಂದು ಸಣ್ಣ ವಿವರ ಹೆಚ್ಚಿಗೆ ಇದೆ: ಕಾಲ ಕಳೆಯಿತು, ಮದ್ಯ ಮಾರಾಟವಾಯಿತು, ಆಮೇಲೆ ಪೀಪಾಯಿಯನ್ನು ತೊಳೆದರು. ಮದ್ಯ ಮಾರಾಟವಾಯಿತು! ದಾರ್ಶನಿಕರಿಗೆ ಪರೀಕ್ಷಕರ ಮಾನ ಉಳಿದುದು ಮುಖ್ಯವಾಯಿತು. ನಮಗೆ ಆ ಮದ್ಯವನ್ನು ಕೊಂಡವರು ಯಾರು ಎಂಬುದು ಮುಖ್ಯವಾಗಿ ತೋರುತ್ತದೆ. ಇಬ್ಬರು ಬಲ್ಲವರು ಎಚ್ಚರಿಸಿದ ಮೇಲೂ ಒಡೆಯನು ಪೀಪಾಯಿಯೊಳಗೆ ಇಣುಕಲಿಲ್ಲ. ಕೊಂಡವರಲ್ಲಿ ಯಾರಿಗೂ ಏನೂ ತಿಳಿದಿರಲಾರದು, ಕುಡಿದರು, ಸಂತೋಷಪಟ್ಟರು. ಅವರಿಗೆ ಆದ ನಷ್ಟವೇನು?

ಸುಖದ ಲೆಕ್ಕದಲ್ಲಿ ನಷ್ಟವಿಲ್ಲ ಎಂದು ಒಪ್ಪಿಬಿಡುತ್ತೇವೆ. ಗಂಧಕ ತಿಳಿಯದವನು ತನ್ನ ಲೋಟದಲ್ಲಿ ಸುಖಿ. ಅವನ ಸುಖ ಸುಳ್ಳೆಂದು ಹೇಳುವ ಅಧಿಕಾರ ಯಾವ ಮೂಗಿಗೂ ಇಲ್ಲ. ಆದರೆ ಕ್ರಯವಿಕ್ರಯದಲ್ಲಿ ಸುಖವೊಂದೇ ಕೈಬದಲಾಗುವುದಿಲ್ಲ, ನಂಬಿಕೆಯೂ ಬದಲಾಗುತ್ತದೆ. ವಿಸ್ಕಿಯ ಗೋದಾಮಿನಲ್ಲಿ ಪೀಪಾಯಿಗಳನ್ನು ಮೂಸಿ ನೋಡುವುದನ್ನೇ ವೃತ್ತಿಯಾಗಿ ಉಳ್ಳ ಜನರಿದ್ದಾರೆ. ಅವರ ಮೂಗು ಪಳಗಿದ್ದು. ಕೆಟ್ಟ ಪೀಪಾಯಿಯೊಂದು ಅವರ ಮುಂದೆ ಬಂದಾಗ ಎರಡು ದಾರಿಗಳು ತೆರೆಯುತ್ತವೆ. ಅದನ್ನು ಬದಿಗಿಡಬಹುದು, ಹದಿನೈದು ವರ್ಷ ಕಾದ ಐನೂರು ಲೀಟರ್ ಎಂದರೆ ಅದು ಸಣ್ಣ ತ್ಯಾಗವಲ್ಲ. ಅಥವಾ ಹಲವು ಒಳ್ಳೆಯ ಪೀಪಾಯಿಗಳ ನಡುವೆ ಅದನ್ನೂ ಸುರಿದು, ಬಹುಮಂದಿಗೆ ತಿಳಿಯದಷ್ಟು ತೆಳುವಾಗಿಸಬಹುದು. ಎರಡನೆಯದರಲ್ಲಿ ಯಾರಿಗೂ ಹೊಟ್ಟೆನೋವಿಲ್ಲ, ಯಾವ ಕಾನೂನಿಗೂ ಭಂಗವಿಲ್ಲ. ಆದರೂ ಅಲ್ಲಿ ಏನೋ ಒಂದು ಕೆಟ್ಟಿತು. ತಾನು ಬಲ್ಲುದನ್ನು ಕೊಳ್ಳುವವನು ಬಲ್ಲನಲ್ಲ ಎಂಬುದನ್ನೇ ಮಾಡುವವನು ಬಂಡವಾಳ ಮಾಡಿಕೊಂಡನು. ಕೊಂಡವನು ಹಣ ಕೊಟ್ಟದ್ದು ದ್ರವಕ್ಕೆ ಮಾತ್ರವಲ್ಲ, ತನಗಿಲ್ಲದ ಮೂಗಿಗೂ ಕೊಟ್ಟನು. ತನ್ನ ಪರವಾಗಿ ಇನ್ನೊಬ್ಬನು ಮೂಸಿ, ಕೆಟ್ಟದ್ದನ್ನು ಬೇರೆ ಮಾಡಿರುವನೆಂದು ನಂಬಿದನು. ಆ ನಂಬಿಕೆಗೆ ಬಂದ ಊನವು ನಾಲಗೆಗೆ ತಿಳಿಯುವುದಿಲ್ಲ. ತಿಳಿಯದ ಮಾತ್ರಕ್ಕೆ ಅದು ಇಲ್ಲವಾಗುವುದೂ ಇಲ್ಲ.

ಹೊಣೆ ಪೀಪಾಯಿ ತುಂಬುವವನದಾದರೆ, ದೋಷವನ್ನು ಅರಿತ ಮೂರನೆಯವನಿಗೆ ಕರ್ತವ್ಯವೇನೂ ಇಲ್ಲವೇ? ಇದು ಹೆಚ್ಚು ಸೂಕ್ಷ್ಮವಾದ ಸ್ಥಳ. ಔತಣದಲ್ಲಿ ಕುಳಿತು ಪಕ್ಕದವನು ಸಂತೋಷದಿಂದ ಕುಡಿಯುತ್ತಿರುವಾಗ, ನಿಮಗೆ ಗಂಧಕ ತಿಳಿಯಲಿಲ್ಲವೇ ಎಂದು ಕೇಳುವವನು ಸತ್ಯವನ್ನೇ ನುಡಿಯುತ್ತಾನೆ. ಆದರೆ ಒಮ್ಮೆ ತೋರಿಸಿಕೊಟ್ಟ ವಾಸನೆಯನ್ನು ಮರಳಿ ಮರೆಯುವುದು ಸಾಧ್ಯವಿಲ್ಲ. ಆ ಬಡಪಾಯಿ ಮುಂದೆ ಪ್ರತಿ ಲೋಟದಲ್ಲಿಯೂ ಅದನ್ನೇ ಹುಡುಕುತ್ತಾನೆ. ಇಂಥ ಸತ್ಯವಚನದಲ್ಲಿ ಪರೋಪಕಾರಕ್ಕಿಂತ ತನ್ನ ಮೂಗಿನ ಪ್ರದರ್ಶನವೇ ಹೆಚ್ಚಾಗಿರುವುದನ್ನು ನಾವು ಕಂಡಿದ್ದೇವೆ. ಮದ್ಯದ ವಿಷಯದಲ್ಲಿ ಅಲ್ಲ, ಸಾಹಿತ್ಯಸಭೆಗಳಲ್ಲಿ.

ತರಗತಿಯ ವಿಷಯ ಹಾಗಲ್ಲ. ಭಾಮಿನಿ ಷಟ್ಪದಿಯನ್ನು ರಾಗವಾಗಿ ಓದುವ ಹುಡುಗನೊಬ್ಬನು ಸಾಲಿನಲ್ಲಿ ಒಂದು ಮಾತ್ರೆಯನ್ನು ನುಂಗಿದನೆನ್ನೋಣ. ಸಹಪಾಠಿಗಳಿಗೆ ತಿಳಿಯದು, ಅವನಿಗೂ ತಿಳಿಯದು. ಕಂಠ ಇಂಪಾಗಿದೆ, ಎಲ್ಲರಿಗೂ ಸಂತೋಷ. ಉಪಾಧ್ಯಾಯರ ಕಿವಿಗೆ ಮಾತ್ರ ಮೂರು ನಾಲ್ಕರ ಆ ನಡೆ ಎಡವಿದ್ದು ಕೇಳಿಸಿತು. ಅವರು ತಿದ್ದಿದರೆ ಇಂದಿನ ಸಂತೋಷ ಕೆಡುತ್ತದೆ, ಹುಡುಗ ಮುಂದಿನ ಪದ್ಯವನ್ನು ಅಂಜುತ್ತ ಓದುತ್ತಾನೆ. ಆದರೂ ತಿದ್ದಬೇಕು, ಏಕೆಂದರೆ ಔತಣಕ್ಕೆ ಬಂದವನು ಸುಖಕ್ಕೆ ಬಂದವನು, ಈ ಹುಡುಗನು ಕಿವಿಯನ್ನು ಪಡೆಯಲು ಬಂದವನು. ಇಲ್ಲಿ ಸುಮ್ಮನಿರುವ ಉಪಾಧ್ಯಾಯರು ಪಕ್ಕದಲ್ಲಿ ಕುಳಿತ ಅತಿಥಿಯ ಸ್ಥಾನದಲ್ಲಿಲ್ಲ. ಕೆಟ್ಟ ಪೀಪಾಯಿಯನ್ನು ಒಳ್ಳೆಯವುಗಳ ನಡುವೆ ಸುರಿಯುವ ಗೋದಾಮಿನವನ ಸ್ಥಾನದಲ್ಲಿದ್ದಾರೆ. ಕೇಳುವವರಿಗೆ ತಿಳಿಯುವುದಿಲ್ಲವಲ್ಲ ಎಂಬುದೇ ಇಬ್ಬರ ಸಮಾಧಾನವೂ.

ವಿಸ್ಕಿಯವರಲ್ಲಿ ಕೆಲವರು ಈಚೆಗೆ ಬತ್ತಿಯನ್ನೇ ಬಿಟ್ಟು, ಪೀಪಾಯಿಯನ್ನು ಪೂರ್ತಿ ಬರಿದು ಮಾಡದೆ ತಳದಲ್ಲಿ ಕೆಲವು ಲೀಟರ್ ಶೆರಿಯನ್ನು ಉಳಿಸಿ ಹಡಗೇರಿಸುತ್ತಾರೆ. ಮರ ಒಣಗದೆ, ಹೆಚ್ಚು ಕೆಡದೆ ಬಂದು ಸೇರುತ್ತದೆ. ತುಂಬುವ ಮುನ್ನ ಒಂದೊಂದನ್ನೂ ಮೂಸುತ್ತಾರೆ. ಹೀಗಿದ್ದರೂ ಕೆಲವು ತಪ್ಪಿಸಿಕೊಂಡು ಹೋಗುತ್ತವೆ. ಹಿಂದೆ ತುಂಬಿಟ್ಟವುಗಳಲ್ಲಿ ಇನ್ನೂ ತೆರೆಯದವು ಗೋದಾಮುಗಳ ಕತ್ತಲಲ್ಲಿ ಮಲಗಿವೆ. ಸೆರ್ವಾಂಟಿಸನ ಒಡೆಯನು ತೊಳೆದ ಪೀಪಾಯಿಯ ತಳದಿಂದ ಆ ಕೀಲಿಕೈಯನ್ನು ಎತ್ತಿಕೊಂಡ ಮೇಲೆ, ಮದ್ಯ ಕೊಂಡವರ ಮನೆಗಳಿಗೆ ಹೋಗಿ ಹೇಳಿದನೇ, ಇಲ್ಲವೇ ಎಂಬುದನ್ನು ಸಾಂಚೋ ತಿಳಿಸುವುದಿಲ್ಲ. ಅವನ ಜೊತೆಗಿದ್ದವನೂ ಕೇಳುವುದಿಲ್ಲ.