ಹಾಡಿದವಳ ಹೆಸರು

ಚಾಮರಾಜಪೇಟೆಯ ನಮ್ಮ ಮನೆಯ ಹಿತ್ತಲಲ್ಲಿ ರಾಗಿ ಬೀಸುವ ಕಲ್ಲಿತ್ತು. ವಾರಕ್ಕೊಮ್ಮೆ ಬೀಸಲು ಬರುತ್ತಿದ್ದವಳನ್ನು ನಾವೆಲ್ಲ ‘ರಾಗಿಯಮ್ಮ’ ಎಂದೇ ಕರೆಯುತ್ತಿದ್ದೆವು. ಕಲ್ಲು ತಿರುಗಿದಂತೆ ಅವಳ ಪದವೂ ಸಾಗುತ್ತಿತ್ತು: ತವರಿನ ದಾರಿ, ತೊಟ್ಟಿಲ ಕೂಸು, ಕರೆಯಲು ಬಾರದ ಅಣ್ಣ. ಹೈಸ್ಕೂಲಿನಲ್ಲಿದ್ದಾಗ ನಾಲ್ಕು ಪದಗಳನ್ನು ಬರೆದುಕೊಂಡು ಶಾಲೆಯಲ್ಲಿ ಹಾಡಿದೆ. ಬಹುಮಾನವೂ ಬಂತು. “ಯಾರಮ್ಮ ಹೇಳಿಕೊಟ್ಟಿದ್ದು?” ಎಂದು ಮೇಷ್ಟ್ರು ಕೇಳಿದಾಗ “ನಮ್ಮಜ್ಜಿ ಸಾರ್” ಎಂದುಬಿಟ್ಟೆ. ಕೆಲಸಕ್ಕೆ ಬರುವವಳು ಎನ್ನಲು ನಾಚಿಕೆ.

ಆ ಸುಳ್ಳು ಮತ್ತೆ ಚುಚ್ಚಿದ್ದು ಎಷ್ಟೋ ವರ್ಷಗಳ ಮೇಲೆ, ‘ಗರತಿಯ ಹಾಡು’ ಓದುವಾಗ. ವಿಜಯಪುರ ಜಿಲ್ಲೆಯ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಹೆಂಗಸರ ಬಾಯಿಂದ ಕೇಳಿ ಕೂಡಿಸಿದ ತ್ರಿಪದಿಗಳು 1931ರಲ್ಲಿ ಅಚ್ಚಾದವು. ಅವರು ಬರೆದಿಡದಿದ್ದರೆ, ಹಿಟ್ಟಿನ ಗಿರಣಿ ಬಂದ ಮೇಲೆ ಅವುಗಳಲ್ಲಿ ಎಷ್ಟು ಉಳಿಯುತ್ತಿದ್ದವೋ! ಆ ಋಣ ದೊಡ್ಡದು. ಆದರೆ ಸಂಗ್ರಹಿಸಿದವರ ಹೆಸರು ಬಲ್ಲ ನಮ್ಮಲ್ಲಿ, ಹಾಡಿದವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಇದು ಕನ್ನಡನಾಡಿನ ಮಾತಷ್ಟೇ ಅಲ್ಲ. ಸೆರ್ಬಿಯಾದಲ್ಲಿ ವುಕ್ ಕರಾಜಿಚ್ (1787–1864) ಎಂಬಾತ ಊರುಗೋಲು ಹಿಡಿದೇ ಓಡಾಡಿ ಹಾಡು ಕೂಡಿಸಿದ. ಆಡಿದಂತೆ ಬರೆಯಬೇಕೆಂದು ಪಂಡಿತರನ್ನು ಎದುರು ಹಾಕಿಕೊಂಡು, 1818ರಲ್ಲಿ ರೈತಾಪಿ ಜನರ ನುಡಿಗೆ ನಿಘಂಟು ಕಟ್ಟಿದ. ಹಾಡುಗಳನ್ನು ವೀರರ ಹಾಡು, ಹೆಂಗಸರ ಹಾಡು ಎಂದು ಎರಡು ಪಾಲು ಮಾಡಿದ. ವೀರರ ಹಾಡು ಹೇಳಿದ ಅಂಧ ಗಾಯಕ ಫಿಲಿಪ್ ವಿಶ್ನಿಚ್‌ನ ಹೆಸರು ಉಳಿಯಿತು. ಅಂಥದೇ ಹಾಡು ಹೇಳಿದ ಅಂಧೆ ಝಿವಾನಾಳದೂ ಉಳಿಯಿತು. ಹೆಂಗಸರ ಹಾಡು ಹೇಳಿದವರು ಮಾತ್ರ ಬಹುಪಾಲು ಹೆಸರಿಲ್ಲದೆ ಹೋದರು.

ಜನಪದ ಹಾಡು ಯಾರ ಸ್ವತ್ತೂ ಅಲ್ಲ, ಹೆಸರೇಕೆ ಎನ್ನುವವರಿದ್ದಾರೆ. ನಿಜ. ರಾಗಿಯಮ್ಮನೂ ತನ್ನ ತಾಯಿಯಿಂದ ಕಲಿತವಳೇ. ತನ್ನದೆಂದು ಒಮ್ಮೆಯೂ ಹೇಳಿಕೊಂಡವಳಲ್ಲ. ಆದರೆ ಅವಳು ಹೆಸರು ಬಯಸದಿದ್ದುದು ಅವಳ ದೊಡ್ಡತನ; ನಾನು ಹೇಳದೆ ಹೋದದ್ದು ನನ್ನ ಸಣ್ಣತನ. ಅವಳ ದೊಡ್ಡತನವನ್ನು ಮುಂದೊಡ್ಡಿ ನನ್ನ ಸಣ್ಣತನವನ್ನು ಮುಚ್ಚಿಕೊಳ್ಳುವುದು ಎಂಥ ನ್ಯಾಯ? ಹಾಡು ಎಲ್ಲರದೂ ಆಗಬಹುದು. ನನ್ನ ಕಿವಿಗೆ ಅದನ್ನು ಹಾಕಿದ ಕಂಠ ಅವಳೊಬ್ಬಳದೇ.

ಗಿರಣಿ ಬಂತು, ಅವಳು ಬರುವುದು ನಿಂತಿತು. ಮೊನ್ನೆ ಮೊಮ್ಮಗಳನ್ನು ಮಲಗಿಸುತ್ತ ಅದೇ ಪದ ಗುನುಗಿದೆ. “ಯಾರಜ್ಜಿ ಹೇಳಿಕೊಟ್ಟಿದ್ದು?” ಎಂದಳು. ಈ ಸಲ ಸುಳ್ಳು ಹೇಳಲಿಲ್ಲ. “ನಮ್ಮನೇಲಿ ರಾಗಿ ಬೀಸ್ತಿದ್ರಲ್ಲ, ಅವರು” ಎಂದೆ.

“ಅವರ ಹೆಸರೇನು?”

ಕೇಳಿಯೇ ಇರಲಿಲ್ಲ.